ರಾಷ್ಟ್ರಗುರು ಸುರೇಂದ್ರನಾಥ ಬ್ಯಾನರ್ಜಿಯವರು

ಸರಕಾರಿ ಸೇವೆಯ ಪ್ರವೇಶ ಪರೀಕ್ಷೆಗಾಗಿ ಸ್ವಾತಂತ್ರ್ಯ ಚಳವಳಿಯ ಇತಿಹಾಸವನ್ನು ಅಭ್ಯಾಸಮಾಡುವ ತರುಣರಿಗೆ ಸುರೇಂದ್ರನಾಥ ಬ್ಯಾನರ್ಜಿಯವರ ಹೆಸರು ನಾಲ್ಕಾರು ಇಸವಿಗಳೊಡನೆ ಕಂಠಪಾಠವಾಗಿರುವುದು. ಆದರೆ ಆ ಚಳವಳಿಯ ಮೂಲಸೆಲೆಗಳಲ್ಲೊಂದು ಅಂಥದೇ ಪರೀಕ್ಷೆಯಲ್ಲಿದ್ದಿತೆಂಬುದೂ, ಅದನ್ನು ಗೆದ್ದು, ಗೆದ್ದುದನ್ನು ಕಳೆದುಕೊಂಡವರು ಸ್ವತಃ ಈ ಮಹನೀಯರೇ ಎಂಬುದೂ ಅಷ್ಟಾಗಿ ಲಕ್ಷ್ಯಕ್ಕೆ ಬರುವುದಿಲ್ಲ.

ಸುರೇಂದ್ರನಾಥರು 1848ನೆಯ ಇಸವಿಯ ನವೆಂಬರ್ 10ರಂದು ಕಲಕತ್ತೆಯಲ್ಲಿ ಜನಿಸಿದರು. ತಂದೆ ದುರ್ಗಾಚರಣರು ವೈದ್ಯರು. ಮಗನು ಪದವೀಧರನಾದೊಡನೆ ಅವನನ್ನು ವಿಲಾಯಿತಿಗೆ ಕಳುಹಿಸಬೇಕೆಂಬುದು ಅವರ ಹಂಬಲ. ಇಂಡಿಯನ್ ಸಿವಿಲ್ ಸರ್ವಿಸಿನ ಸ್ಪರ್ಧಾ ಪರೀಕ್ಷೆಯು 1855ರಿಂದ ನಡೆಯುತ್ತಿದ್ದರೂ ಅದು ನಡೆಯುತ್ತಿದ್ದುದು ಲಂಡನ್ನಿನಲ್ಲಿ ಮಾತ್ರ. ಗ್ರೀಕ್, ಲ್ಯಾಟಿನ್ ಭಾಷೆಗಳಿಗಿದ್ದ ಅಂಕಗಳು ಸಂಸ್ಕೃತಕ್ಕೆ ಇರಲಿಲ್ಲ. ಸಮುದ್ರ ದಾಟಿದವನಿಗೆ ಜಾತಿಬಹಿಷ್ಕಾರದ ಭಯವಿದ್ದ ಕಾಲವದು. ಅಲ್ಲಿಯವರೆಗೆ ಆ ಪರೀಕ್ಷೆಯಲ್ಲಿ ಗೆದ್ದ ಹಿಂದೀಯರೆಂದರೆ ಸತ್ಯೇಂದ್ರನಾಥ ಠಾಕೂರರೊಬ್ಬರೇ. ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದವರು ಇವರೇ. 1868ರ ಮಾರ್ಚ್ 3ರಂದು ಸುರೇಂದ್ರನಾಥರು ರಮೇಶಚಂದ್ರ ದತ್ತ, ಬಿಹಾರಿಲಾಲ ಗುಪ್ತ ಎಂಬ ಗೆಳೆಯರೊಡನೆ ಹಡಗು ಹತ್ತಿದರು.

ಮರುವರ್ಷದ ಪರೀಕ್ಷೆಯಲ್ಲಿ ಮೂವರೂ ಉತ್ತೀರ್ಣರಾದರು; ಮುಂಬಯಿ ಪ್ರಾಂತದ ಶ್ರೀಪಾದ ಬಾಬಾಜಿ ಠಾಕೂರರೂ ಗೆದ್ದರು. ಆದರೆ ಸುರೇಂದ್ರನಾಥರ ಸಂತೋಷವು ಬಹುದಿನ ಬಾಳಲಿಲ್ಲ. ಮೆಟ್ರಿಕ್ಯುಲೇಶನ್ ಪರೀಕ್ಷೆಯ ಕಾಲಕ್ಕೆ ಅವರು ತಮ್ಮ ವಯಸ್ಸನ್ನು ಹದಿನಾರು ಎಂದು ಬರೆಸಿದ್ದರು. ನಡೆಯುತ್ತಿರುವ ವರ್ಷವನ್ನು ಎಣಿಸುವುದು ನಮ್ಮವರ ರೂಢಿ, ತುಂಬಿದ ವರ್ಷವನ್ನು ಎಣಿಸುವುದು ಆಂಗ್ಲರ ರೂಢಿ. ನಮ್ಮ ಹಳ್ಳಿಯ ಯಾವ ಅಜ್ಜಿಗಾದರೂ ಬಿಡಿಸಿ ಹೇಳಬೇಕಾಗಿಲ್ಲದ ಈ ಮಾತು ಪರೀಕ್ಷಾ ಕಮಿಶನರರಿಗೆ ತಿಳಿಯಲಿಲ್ಲ. ಇಪ್ಪತ್ತೊಂದರ ಮಿತಿ ಮೀರಿದೆಯೆಂದು ಅವರು ಸುರೇಂದ್ರನಾಥರ ಮತ್ತು ಶ್ರೀಪಾದರ ಹೆಸರುಗಳನ್ನು ಪಟ್ಟಿಯಿಂದ ತೆಗೆದರು. ಸುರೇಂದ್ರನಾಥರು ಸುಮ್ಮನಿರದೆ ಕ್ವೀನ್ಸ್ ಬೆಂಚ್ ನ್ಯಾಯಾಸ್ಥಾನದ ಮೆಟ್ಟಿಲು ಹತ್ತಿದರು, ಕಮಿಶನರರು ಮಣಿಯಬೇಕಾಯಿತು. ಆದರೆ 1870ರ ಫೆಬ್ರವರಿಯಲ್ಲಿ, ಮಗನು ಇನ್ನೂ ಪರದೇಶದಲ್ಲಿರುವಾಗಲೇ, ತಂದೆಯವರು ತೀರಿಕೊಂಡರು. ಮಗನು ಅಧಿಕಾರಿಯಾದುದನ್ನು ನೋಡುವ ಭಾಗ್ಯವು ಅವರಿಗೆ ಒದಗಲಿಲ್ಲ.

1871ರಲ್ಲಿ ಸುರೇಂದ್ರನಾಥರು ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹಟ್ಟಿಗೆ ಅಸಿಸ್ಟೆಂಟ್ ಮ್ಯಾಜಿಸ್ಟ್ರೇಟರಾಗಿ ನಿಯಮಿತರಾದರು. ಅಲ್ಲಿ ಒಂದು ಕಳವಿನ ಮೊಕದ್ದಮೆಯ ಆರೋಪಿಯನ್ನು, ಅವನು ತಲೆಮರೆಸಿಕೊಂಡಿರದಿದ್ದರೂ, ಪರಾರಿಯಾದವರ ಯಾದಿಯಲ್ಲಿ ಸೇರಿಸಿದ ಕಾಗದಕ್ಕೆ ಅವರ ರುಜು ಬಿದ್ದಿತು. ಅಜಾಗರೂಕತೆ ಇದ್ದಿತೆಂಬುದು ನಿಜ. ಆದರೆ ಎಚ್ಚರಿಕೆಯ ಮಾತಿನಿಂದ ತೀರಬಹುದಾಗಿದ್ದ ತಪ್ಪಿಗೆ ವಿಚಾರಣಾ ಮಂಡಲ ನೇಮಕವಾಗಿ, 1874ರಲ್ಲಿ ಅವರು ಸೇವೆಯಿಂದ ವಜಾ ಆದರು. ಲಂಡನ್ನಿಗೆ ಹೋಗಿ ಮಾಡಿದ ಮೊರೆಯು ವ್ಯರ್ಥವಾಯಿತು. ಬ್ಯಾರಿಸ್ಟರರಾಗುವೆನೆಂದರೆ ಆ ಬಾಗಿಲನ್ನೂ ಮುಚ್ಚಿದರು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಲೋಕದ ದೃಷ್ಟಿಗೆ ಅವರ ಬಾಳು ಮುಗಿದಂತೆಯೇ ಇದ್ದಿತು. ಆ ನಿರಾಶೆಯ ತಿಂಗಳುಗಳನ್ನು ಅವರು ಅಲ್ಲಿಯೇ ಗ್ರಂಥಾಭ್ಯಾಸದಲ್ಲಿ ಕಳೆದರು. ಬರ್ಕನ ವಾಗ್ಮಿತೆಯೂ ಇಟಲಿಯ ಮ್ಯಾಜಿನಿಯ ದೇಶಭಕ್ತಿಯೂ ಅವರಿಗೆ ದಾರಿ ತೋರಿದುವು. ಯಾವ ಅಂಕಗಳೂ ಇಲ್ಲದ ಅಭ್ಯಾಸವದು!

1875ರಲ್ಲಿ ಹಿಂದಿರುಗಿದವರನ್ನು ಈಶ್ವರಚಂದ್ರ ವಿದ್ಯಾಸಾಗರರು ಕರೆದು ತಮ್ಮ ಮೆಟ್ರೊಪಾಲಿಟನ್ ವಿದ್ಯಾಲಯದಲ್ಲಿ ಆಂಗ್ಲ ಭಾಷೆಯ ಅಧ್ಯಾಪಕರನ್ನಾಗಿ ಮಾಡಿಕೊಂಡರು. 1876ರ ಜುಲೈ 26ರಂದು ಆನಂದಮೋಹನ ಬೋಸರೇ ಮೊದಲಾದವರೊಡನೆ ಇಂಡಿಯನ್ ಅಸೋಸಿಯೇಶನ್ ಸಂಸ್ಥೆಯು ಸ್ಥಾಪಿತವಾಯಿತು. ಅದೇ ದಿನ ಸುರೇಂದ್ರನಾಥರ ಕೂಸು ತೀರಿಕೊಂಡಿತು. ಸಭೆಯಲ್ಲಿ ವಿರೋಧ ತಲೆಯೆತ್ತುವ ಸಂಭವವಿದ್ದುದರಿಂದ ಅವರು ಆ ದುಃಖದಲ್ಲಿಯೇ ಸಂಜೆ ಸಭೆಗೆ ಬಂದರು.

ಅದೇ ವರ್ಷ ಭಾರತ ಮಂತ್ರಿಯಾದ ಸ್ಯಾಲಿಸ್‌ಬರಿಯು ಪರೀಕ್ಷೆಯ ವಯೋಮಿತಿಯನ್ನು 21ರಿಂದ 19ಕ್ಕೆ ಇಳಿಸಿದನು. ಹಿಂದೀಯ ಬಾಲಕನು ಮೀಸೆ ಮೂಡುವ ಮೊದಲೇ ತಾಯ್ತಂದೆಗಳನ್ನಗಲಿ, ಪರದೇಶದಲ್ಲಿ ಪರಭಾಷೆಯಲ್ಲಿ ಆ ದೇಶದ ಮಕ್ಕಳೊಡನೆಯೇ ಸ್ಪರ್ಧಿಸಬೇಕೆಂಬುದೇ ಇದರ ಅರ್ಥ. ಬಾಗಿಲು ತೆರೆದೇ ಇದ್ದಿತು, ಹೊಸ್ತಿಲು ಮಾತ್ರ ಎತ್ತರವಾಯಿತು. 1877ರ ಮಾರ್ಚಿನಲ್ಲಿ ಕಲಕತ್ತೆಯ ಟೌನ್ ಹಾಲಿನಲ್ಲಿ ಮಹಾಸಭೆ ನೆರೆಯಿತು. ಅಲ್ಲಿಂದ ಸುರೇಂದ್ರನಾಥರು ಕಾಶಿ, ಅಲಹಾಬಾದ್, ಲಖನೌ, ದಿಲ್ಲಿ, ಅಮೃತಸರ, ಲಾಹೋರುಗಳನ್ನೂ, ಚಳಿಗಾಲದಲ್ಲಿ ಮುಂಬಯಿ, ಪುಣೆ, ಮದರಾಸುಗಳನ್ನೂ ಸಂಚರಿಸಿದರು. ತನಗೆ ಮುಚ್ಚಿಹೋದ ಸೇವೆಯನ್ನು ಇತರರಿಗಾಗಿ ತೆರೆಸಲು ಅವರು ಹೊರಟಿದ್ದರು. ಪರೀಕ್ಷೆಯು ಭಾರತದಲ್ಲಿಯೂ ಏಕಕಾಲಕ್ಕೆ ನಡೆಯಬೇಕು, ವಯೋಮಿತಿ ಏರಬೇಕು ಎಂಬುದು ಬೇಡಿಕೆ. ಇದು ಕೆಲವೇ ವಿದ್ಯಾವಂತರ ಉದ್ಯೋಗದ ಪ್ರಶ್ನೆಯೆಂದು ಅಲ್ಲಗಳೆಯಬಹುದು. ಆ ಮಾತಿನಲ್ಲಿ ಸತ್ಯಾಂಶವೂ ಇದೆ. ಆದರೆ ಪಂಜಾಬಿನವರೂ ಮದರಾಸಿನವರೂ ಒಂದೇ ಅನ್ಯಾಯವನ್ನು ತಮ್ಮದೆಂದು ಭಾವಿಸಿ ಒಂದೇ ಅರ್ಜಿಗಾಗಿ ಕೂಡಿದುದು ಹೊಸ ಸಂಗತಿ. ಕಾಂಗ್ರೆಸ್ಸಿನ ಜನ್ಮಕ್ಕೆ ಇನ್ನೂ ಎಂಟು ವರ್ಷಗಳಿದ್ದುವು. ಲಾಲಮೋಹನ ಘೋಷರು ಆ ಅರ್ಜಿಯನ್ನು 1879ರಲ್ಲಿ ಇಂಗ್ಲೆಂಡಿಗೆ ಒಯ್ದರು.

ಮುಂದಿನ ಚರಿತ್ರೆ ಸುಪ್ರಸಿದ್ಧವೇ. ಶಾಲಿಗ್ರಾಮವನ್ನು ನ್ಯಾಯಾಸ್ಥಾನಕ್ಕೆ ತರಿಸಿದ ನ್ಯಾಯಾಧೀಶನನ್ನು ತಮ್ಮ ಬೆಂಗಾಲಿ ಪತ್ರಿಕೆಯಲ್ಲಿ ಖಂಡಿಸಿ 1883ರಲ್ಲಿ ಅವರು ಎರಡು ತಿಂಗಳ ಸೆರೆವಾಸ ಅನುಭವಿಸಿದರು. 1895ರಲ್ಲಿ ಪುಣೆಯಲ್ಲಿ, 1902ರಲ್ಲಿ ಅಹಮದಾಬಾದಿನಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1905ರ ವಂಗಭಂಗವನ್ನು ಎದುರಿಸಿ ನಿಂತರು. ವೃದ್ಧಾಪ್ಯದಲ್ಲಿ ಕಾಲವು ಅವರನ್ನು ಹಿಂದೆ ಹಾಕಿತು. ಅಸಹಕಾರವನ್ನು ಒಪ್ಪದೆ, 1921ರಲ್ಲಿ ಸರ್ ಪದವಿಯನ್ನೂ ಮಂತ್ರಿಪದವನ್ನೂ ಸ್ವೀಕರಿಸಿದುದು ಹಲವರಿಗೆ ನೋವುಂಟುಮಾಡಿತು. 1923ರ ಚುನಾವಣೆಯಲ್ಲಿ ತರುಣ ವೈದ್ಯ ಬಿಧಾನಚಂದ್ರ ರಾಯರಿಗೆ ಸೋತರು. ಅವರು ಮಂತ್ರಿಯಾಗಿದ್ದಾಗಲೇ, 1922ರಲ್ಲಿ, ಸಿವಿಲ್ ಸರ್ವಿಸ್ ಪರೀಕ್ಷೆಯು ಮೊದಲ ಬಾರಿಗೆ ಭಾರತದ ನೆಲದಲ್ಲಿ, ಅಲಹಾಬಾದಿನಲ್ಲಿ ನಡೆಯಿತು. ಆ ಬೇಡಿಕೆಯನ್ನು ಊರೂರಿಗೆ ಒಯ್ದು ಆಗಲೇ ನಾಲ್ವತ್ತೈದು ವರ್ಷಗಳಾಗಿದ್ದುವು. 1925ರ ಆಗಸ್ಟ್ 6ರಂದು ಬಾರಕ್‌ಪುರದಲ್ಲಿ ಅವರು ದೇಹವಿಟ್ಟರು.