ಉಷಾಹರಣ ಬರೆದ ಸಾಲಿ ಮಾಸ್ತರ: ಕಂಪನಿ ನಾಟಕದ ಹಿರೀಕ ಶಾಂತಕವಿ ನಿಮಗೆ ಗೊತ್ತಾ?

ಸಿಂಧನೂರು: ಅಂಬಾಮಠದ ಬನದ ಹುಣ್ಣಿಮೆ ಜಾತ್ರೆ ಇರಲಿ, ಮಸ್ಕಿ ಮಲ್ಲಿಕಾರ್ಜುನನ ಜಾತ್ರೆ ಇರಲಿ, ಲಿಂಗಸುಗೂರು ಕಡೆಯ ಹಳ್ಳಿಗಳ ಹಬ್ಬ ಇರಲಿ, ನಾಟಕ ಅಂದ್ರೆ ನಮ್ಮ ಮಂದಿ ಬಿಡಲ್ಲ. ಇದು ಬಜಾರದ ಅಂಗಡಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು. ಯಾಕಂದ್ರೆ ಪಟ್ಟಿ ಎತ್ತೋಕೆ ಹುಡುಗರು ಮೊದಲು ಬರೋದೇ ಅವರ ಹತ್ತಿರ. ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ ಹೆಸರಿಲ್ಲದ ನಾಟಕದ ಹ್ಯಾಂಡ್‌ಬಿಲ್ ಸಿಗೋದು ಕಷ್ಟ.

ಆದ್ರೆ ಆಡುವ ನಾಟಕ ಮಾತ್ರ ಅವೇ ಅವೇ. ರಕ್ತರಾತ್ರಿ, ಕುರುಕ್ಷೇತ್ರ, ಇಲ್ಲಾಂದ್ರೆ ಗೌಡರ ದಬ್ಬಾಳಿಕೆ, ಅತ್ತೆ-ಸೊಸೆ ಜಗಳದ ಸಾಮಾಜಿಕ ನಾಟಕ. ಅವು ಚೆನ್ನಾಗಿಲ್ಲ ಅಂತ ಅಲ್ಲ. ಆದ್ರೆ ಇವೆಲ್ಲಕ್ಕಿಂತ ಹಳೆಯ ಒಂದು ಹಾಡಿನ ನಾಟಕ ಐತಿ. ಹೆಸರು ಉಷಾಹರಣ. ನಾವು ಕಂಪನಿ ನಾಟಕ ಅಂತ ಏನನ್ನ ಕರಿತೀವೋ, ಉತ್ತರ ಕರ್ನಾಟಕದಾಗ ಅದರ ಬುಡ ಹುಡುಕಿಕೊಂಡು ಹೋದ್ರೆ ಸಿಗೋದು ಇದೇ ನಾಟಕ, ಇದನ್ನ ಬರೆದ ಒಬ್ಬ ಸಾಲಿ ಮಾಸ್ತರ. ಅವರೇ ಶಾಂತಕವಿ.

ಶಾಂತಕವಿ ಅನ್ನೋದು ಕಾವ್ಯನಾಮ. ನಿಜವಾದ ಹೆಸರು ಸಕ್ಕರಿ ಬಾಳಾಚಾರ್ಯ. ಹುಟ್ಟಿದ್ದು 1856ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಸಾತೇನಹಳ್ಳಿಯಲ್ಲಿ. ಹೊಟ್ಟೆಪಾಡಿಗೆ ಮಾಸ್ತರಿಕೆ, ಆದ್ರೆ ಜೀವ ಎಲ್ಲಾ ನಾಟಕ, ಹಾಡು, ಕೀರ್ತನದ ಮೇಲೆ. ಇವತ್ತು ಪುಸ್ತಕಗಳಲ್ಲಿ ಇವರನ್ನ ಕನ್ನಡ ರಂಗಭೂಮಿಯ ಪಿತಾಮಹ ಅಂತ ಬರೀತಾರೆ. ಬಿರುದು ದೊಡ್ಡದು. ಆದ್ರೆ ಆ ಬಿರುದಿನ ಹಿಂದಿನ ಕತೆ ನಮ್ಮ ಕಡೆ ಯಾರ ಬಾಯಲ್ಲೂ ಬರಲ್ಲ.

ಕನ್ನಡದ ಊರಲ್ಲಿ ಮರಾಠಿ ನಾಟಕ

ಆ ಕಾಲ ಹೆಂಗಿತ್ತು ಅಂತ ಸ್ವಲ್ಪ ತಿಳ್ಕೋಬೇಕು. ಧಾರವಾಡ, ಗದಗ, ವಿಜಯಪುರ ಎಲ್ಲಾ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿದ್ದವು. ಕಚೇರಿಯಲ್ಲಿ, ಓದಿದವರ ಬಾಯಲ್ಲಿ ಮರಾಠಿಗೆ ಮರ್ಯಾದೆ ಜಾಸ್ತಿ. ಮನೆಯಲ್ಲಿ ಕನ್ನಡ ಮಾತಾಡೋರು ಕೂಡ ಹೊರಗೆ ಮರಾಠಿ ಮಾತಾಡಿ ದೊಡ್ಡಸ್ತಿಕೆ ತೋರಿಸ್ತಿದ್ದ ದಿನ ಅವು. ನಮ್ಮ ರಾಯಚೂರು ಸೀಮೆಯ ಗ್ರಹಚಾರ ಬೇರೆ. 1853ರಲ್ಲಿ ಬ್ರಿಟಿಷರ ಕೈಗೆ ಹೋಗಿ, 1860ರಲ್ಲಿ ವಾಪಸ್ ನಿಜಾಮರ ಕೈಗೆ ಬಂತು. ಅಲ್ಲಿ ಮರಾಠಿ ಆದ್ರೆ ಇಲ್ಲಿ ಉರ್ದು. ಎರಡೂ ಕಡೆ ಕನ್ನಡಕ್ಕೆ ಸಿಕ್ಕಿದ್ದು ಹಿಂದಿನ ಬೆಂಚೇ.

ಆಗ ಸಾಂಗ್ಲಿ ಕಡೆಯ ಮರಾಠಿ ನಾಟಕ ಮಂಡಳಿಗಳು ಕನ್ನಡದ ಊರುಗಳಿಗೆ ಬಂದು ಆಟ ಆಡಿ, ದುಡ್ಡು ಮಾಡ್ಕೊಂಡು ಹೋಗ್ತಿದ್ದವು. ಥಳಥಳ ಹೊಳೆಯೋ ವೇಷ, ಪರದೆ, ಹಾಡು. ನಮ್ಮವರಿಗೆ ಭಾಷೆ ಪೂರ್ತಿ ತಿಳಿಯದಿದ್ದರೂ ನೋಡೋಕೆ ಮುಗಿಬೀಳ್ತಿದ್ದರು. ಬಯಲಾಟ ಹಳ್ಳಿಯವರ ಆಟ, ನಾಟಕ ಅಂದ್ರೆ ಮರಾಠಿ ಅನ್ನೋ ಹಂಗಾಗಿತ್ತು.

ಇದರಲ್ಲಿ ಒಂದು ತಮಾಷೆ ಐತಿ. ಆ ಮರಾಠಿ ನಾಟಕಕ್ಕೆ ದಾರಿ ತೋರಿಸಿದ್ದೇ ಕನ್ನಡದವರು. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯಿಂದ ಒಂದು ಭಾಗವತರಾಟದ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತ್ತು. ಅದನ್ನ ನೋಡಿದ ಸಾಂಗ್ಲಿಯ ಸಂಸ್ಥಾನಿಕರು ಮರಾಠಿಯಲ್ಲೂ ಇಂಥದ್ದು ಆಗಬೇಕು ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಭಾವೆಯವರ ಸೀತಾ ಸ್ವಯಂವರ ರಂಗಕ್ಕೆ ಬಂತು. ಮುಂದೆ ಮರಾಠಿ ಸಂಗೀತ ನಾಟಕ ಅಂತ ಹೊಸ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲೇ. ನಮ್ಮ ಬೀಜ ಅಲ್ಲಿ ಗಿಡ ಆಗಿ, ಅದರ ಹಣ್ಣು ನಮಗೇ ಮಾರಾಟಕ್ಕೆ ಬಂದಂಗಾಯ್ತು.

ವೀರನಾರಾಯಣನ ಹೆಸರಲ್ಲಿ ಮಂಡಳಿ

ಕನ್ನಡಕ್ಕೆ ಕೆಲಸ ಮಾಡೋರು ಆಗ ಯಾರೂ ಇರಲಿಲ್ಲ ಅಂತಲ್ಲ. ಡೆಪ್ಯುಟಿ ಚನ್ನಬಸಪ್ಪನವರು ಸಾಲಿ ಖಾತೆಯಲ್ಲಿ ಕೂತು ಕನ್ನಡ ಸಾಲಿಗಳಿಗೆ ಜೀವ ಕೊಟ್ಟರು. ಷೇಕ್ಸ್‌ಪಿಯರನ ನಾಟಕವನ್ನೂ ಕನ್ನಡಕ್ಕೆ ತಂದರು. ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನ ಕನ್ನಡ ಮಾಡಿದರು. ಆದ್ರೆ ಪುಸ್ತಕ ಓದೋಕೆ ಅಕ್ಷರ ಬರಬೇಕಲ್ಲ. ಅಕ್ಷರ ಬರದವನೂ ನೋಡೋಕೆ ಬರುವಂತ ಕನ್ನಡ ನಾಟಕ ಬೇಕಿತ್ತು.

ಅದನ್ನ ಮಾಡಿದವರು ಶಾಂತಕವಿ. 1870ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ, ಗದಗಿನಲ್ಲಿ ಒಂದು ಮಂಡಳಿ ಕಟ್ಟಿದರು. ಹೆಸರು ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ. ಕೃತಪುರ ಅಂದ್ರೆ ಗದಗ. ಕುಮಾರವ್ಯಾಸ ಭಾರತ ಬರೆದ ಅಂತ ಹೇಳುವ ಗುಡಿಯ ದೇವರ ಹೆಸರನ್ನೇ ಮಂಡಳಿಗೆ ಇಟ್ಟರು. ಕನ್ನಡಕ್ಕಾಗಿ ಹೊರಟವನಿಗೆ ಇದಕ್ಕಿಂತ ಒಳ್ಳೆ ಬೋರ್ಡು ಸಿಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ವಯಸ್ಸು ನೋಡ್ರಿ. ಇವತ್ತು ಆ ವಯಸ್ಸಿಗೆ ನಾವು ಡಿಗ್ರಿ ಮುಗಿಸೋದಾ ಬಿಡೋದಾ ಅಂತ ಯೋಚನೆ ಮಾಡ್ತಿರ್ತೀವಿ.

ಈ ಮಂಡಳಿ ಆಡಿದ ನಾಟಕವೇ ಉಷಾಹರಣ. ಕತೆ ಭಾಗವತದ್ದು. ಸಾವಿರ ತೋಳಿನ ಬಾಣಾಸುರನ ಮಗಳು ಉಷೆ. ಕನಸಿನಲ್ಲಿ ಒಬ್ಬ ಹುಡುಗನ್ನ ನೋಡ್ತಾಳೆ, ಎದ್ದ ಮೇಲೆ ಅವನು ಯಾರು ಅಂತ ಗೊತ್ತಿಲ್ಲ. ಗೆಳತಿ ಚಿತ್ರಲೇಖೆ ಚಿತ್ರ ಬರೆಯೋದರಲ್ಲಿ ಜಾಣೆ. ದೇವತೆಗಳು, ಗಂಧರ್ವರು, ರಾಜರು ಅಂತ ಒಂದೊಂದೇ ಚಿತ್ರ ಬರೆದು ತೋರಿಸ್ತಾ ಹೋಗ್ತಾಳೆ. ಇವನಲ್ಲ, ಇವನೂ ಅಲ್ಲ. ಕೃಷ್ಣನ ಚಿತ್ರ ಬಂದಾಗ ಉಷೆಗೆ ಒಂಥರಾ ಆಗುತ್ತೆ. ಪ್ರದ್ಯುಮ್ನನ ಚಿತ್ರಕ್ಕೆ ಇನ್ನೂ ನಾಚಿಕೆ. ಆಮೇಲೆ ಅನಿರುದ್ಧ. ಸಿಕ್ಕ! ಅವನು ಕೃಷ್ಣನ ಮೊಮ್ಮಗ. ಚಿತ್ರಲೇಖೆ ಮಾಯೆಯಿಂದ ದ್ವಾರಕೆಗೆ ಹೋಗಿ, ಮಲಗಿದ್ದವನನ್ನ ಹಂಗೇ ಎತ್ತಿಕೊಂಡು ಬರ್ತಾಳೆ. ವಿಷಯ ಬಾಣನಿಗೆ ತಿಳಿದು ಅನಿರುದ್ಧನನ್ನ ನಾಗಪಾಶದಲ್ಲಿ ಕಟ್ಟಿಹಾಕ್ತಾನೆ. ಕೃಷ್ಣ ದಂಡು ಕಟ್ಟಿಕೊಂಡು ಬಂದ್ರೆ, ಬಾಣನ ಊರಿನ ಕಾವಲಿಗೆ ನಿಂತಿರೋದು ಸಾಕ್ಷಾತ್ ಶಿವ. ಹರಿ-ಹರರ ನಡುವೆಯೇ ಯುದ್ಧ. ಕೊನೆಗೆ ಬಾಣನ ತೋಳುಗಳು ಹೋಗಿ ನಾಲ್ಕು ಉಳೀತಾವೆ, ಮದುವೆ ಆಗುತ್ತೆ. ಹೆಸರು ಉಷಾಹರಣ ಅಂತ ಇದ್ದರೂ ಅಪಹರಣ ಆಗೋದು ಹುಡುಗನದೇ!

ಇದರ ಹಾಡಿನ ಧಾಟಿಯಲ್ಲಿ, ನಡಿಗೆಯಲ್ಲಿ ಬಯಲಾಟದ ವಾಸನೆ ಐತಿ. ನಮ್ಮ ಕಡೆ ದೊಡ್ಡಾಟ ನೋಡಿದ ಹಿರಿಯರಿಗೆ ಇದು ಹೊಸದು ಅನಿಸಲ್ಲ. ಒಂದು ಕಾಲು ಅಟ್ಟದ ಮೇಲೆ, ಇನ್ನೊಂದು ಕಾಲು ಪರದೆಯ ಹಿಂದೆ. ಉಷೆ, ಚಿತ್ರಲೇಖೆಯ ಪಾತ್ರ ಮಾಡೋದೂ ಆಗ ಗಂಡಸರೇ. ಆಮೇಲೆ ಶಾಂತಕವಿ ವತ್ಸಲಾಹರಣ, ಕೀಚಕವಧ ಅಂತ ಪುರಾಣದ ನಾಟಕಗಳನ್ನ ಬರೀತಾ ಹೋದರು. ಎಲ್ಲವೂ ಉಷಾಹರಣದಷ್ಟು ಹೆಸರು ಮಾಡಲಿಲ್ಲ.

ನಾಟಕ ಅಷ್ಟೇ ಅಲ್ಲ, ಕೀರ್ತನಕ್ಕೂ ಮರಾಠಿಯ ಹಿಡಿತ ಇದ್ದ ಕಾಲದಲ್ಲಿ ಕನ್ನಡದಲ್ಲೇ ಕೀರ್ತನ ಬರೆದು ತಾವೇ ಮಾಡಿದರು. ಕರ್ನಾಟಕವನ್ನ ದೇವಿ ಅಂತ ಕರೆದು, ಕಾಪಾಡು ಅಂತ ಬೇಡುವ ಹಾಡು ಬರೆದರು. ಕರ್ನಾಟಕ ಅನ್ನೋ ರಾಜ್ಯ ನಕಾಶೆಯಲ್ಲೇ ಇಲ್ಲದ ಕಾಲದ ಮಾತು ಇದು. ದ.ರಾ. ಬೇಂದ್ರೆಯವರು ಇವರ ಮೇಲೆ ದೊಡ್ಡ ಗೌರವ ಇಟ್ಟುಕೊಂಡಿದ್ದರು.

1920ರಲ್ಲಿ ಶಾಂತಕವಿ ತೀರಿಕೊಂಡರು. ಧಾರವಾಡ, ರಾಯಚೂರು ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ, ಅಂದ್ರೆ ಅವರು ಹೋಗಿ 36 ವರ್ಷದ ಮೇಲೆ. ಆದ್ರೆ ಅವರು ಹಾಕಿದ ದಾರಿ ಅವರ ಕಣ್ಣ ಮುಂದೆಯೇ ದೊಡ್ಡ ರಸ್ತೆ ಆಗಿತ್ತು. ಕೊಣ್ಣೂರು ಕಂಪನಿ ಬಂತು, ಶಿರಹಟ್ಟಿ ವೆಂಕೋಬರಾಯರ ಕಂಪನಿ ಬಂತು, ಗದಗಿನಲ್ಲೇ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು. ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಾಲನಟನಾಗಿ ಹಾಡ್ತಿದ್ದ ಹುಡುಗ ಮುಂದೆ ಪಂಡಿತ ಮಲ್ಲಿಕಾರ್ಜುನ ಮನ್ಸೂರ್ ಆದರು. ಇವತ್ತೂ ನಮ್ಮ ಹಳ್ಳಿ ಹುಡುಗರ ಕೈಯಲ್ಲಿರೋ ಎಷ್ಟೋ ನಾಟಕದ ಪುಸ್ತಕ ಗದಗಿನಲ್ಲೇ ಅಚ್ಚಾದವು.

ಈ ಸಲ ಜಾತ್ರೆಗೆ ಯಾವ ನಾಟಕ ಅಂತ ಕಟ್ಟೆ ಮೇಲೆ ಕೂತು ಮಾತಾಡುವಾಗ ಉಷಾಹರಣದ ಹೆಸರೂ ಬರಲಿ. ಖರ್ಚಿನ ಲೆಕ್ಕ ಕೇಳೋರಿಗೆ ಹೇಳೋದಾದ್ರೆ, ಹೊರಗಿಂದ ಕರೆಸಬೇಕಾದ ಕಲಾವಿದೆಯರು ಮುಖ್ಯವಾಗಿ ಇಬ್ಬರೇ, ಉಷೆ ಮತ್ತು ಚಿತ್ರಲೇಖೆ. ಬಾಣ, ಕೃಷ್ಣ, ಅನಿರುದ್ಧ, ನಾರದ ಊರಲ್ಲೇ ಸಿಗ್ತಾರೆ. ಹಳೆ ಕನ್ನಡದ ಮಾತು ಗಟ್ಟಿ ಅನಿಸಿದ ಕಡೆ ಹಾರ್ಮೋನಿಯಂ ಮಾಸ್ತರರು ಸ್ವಲ್ಪ ಸಡಿಲ ಮಾಡಿಕೊಂಡ್ರೆ ಆಯ್ತು. ಚಿತ್ರಲೇಖೆಯ ಪಾತ್ರಕ್ಕೆ ಮಾತ್ರ ಚೆನ್ನಾಗಿ ಹಾಡೋರನ್ನೇ ಹುಡುಕ್ರಿ, ಒಂದೊಂದು ಚಿತ್ರ ಎತ್ತಿ ತೋರಿಸೋ ಆ ಸೀನು ನಿಲ್ಲೋದೇ ಅವರ ಮೇಲೆ.