ಲಿಯೊ ಸಿಲಾರ್ಡ್: ಅರಿವು ಮತ್ತು ಹೊಣೆ

ಪರಮಾಣು ಅಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಾಬರ್ಟ್ ಓಪನ್‌ಹೈಮರ್ ಅವರ ಹೆಸರಿನಿಂದ ತೊಡಗುತ್ತಾರೆ. ಅಸ್ತ್ರವನ್ನು ರೂಪಿಸಿದ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಅವರಿಗೆ ಆ ಸ್ಥಾನ ಸಲ್ಲತಕ್ಕದ್ದೇ. ಆದರೆ ಅಂಥದೊಂದು ಅಸ್ತ್ರ ಸಾಧ್ಯವೆಂಬುದನ್ನು ಬಹು ಮೊದಲೇ ಕಂಡವರು, ಶತ್ರುವಿಗಿಂತ ಮುಂಚೆ ಅದನ್ನು ಪಡೆಯಬೇಕೆಂದು ಸರಕಾರವನ್ನು ಎಚ್ಚರಿಸಿದವರು, ಅದು ಕೈಗೆ ಬಂದಾಗ ಊರುಗಳ ಮೇಲೆ ಹಾಕಬಾರದೆಂದು ಮನವಿ ಮಾಡಿದವರು, ಹಾಕಿದ ಮೇಲೆ ಉಳಿದ ಬಾಳನ್ನು ಅದು ಮತ್ತೊಮ್ಮೆ ನಡೆಯದಂತೆ ತಡೆಯುವುದಕ್ಕೆ ಸವೆಸಿದವರು ಒಬ್ಬರೇ. ಅವರು ಹಂಗೆರಿಯ ಭೌತವಿಜ್ಞಾನಿ ಲಿಯೊ ಸಿಲಾರ್ಡ್. ಅರಿವನ್ನು ಹುಟ್ಟಿಸಿದವನಿಗೆ ಆ ಅರಿವಿನ ಮೇಲೆ ಎಷ್ಟು ಅಧಿಕಾರವಿರುತ್ತದೆ, ಅಧಿಕಾರ ತಪ್ಪಿದ ಮೇಲೆ ಹೊಣೆಯೂ ತಪ್ಪುತ್ತದೆಯೆ ಎಂಬ ಪ್ರಶ್ನೆಗಳಿಗೆ ಅವರ ಜೀವನವೇ ಒಂದು ನಿದರ್ಶನ.

ಸಿಲಾರ್ಡ್ ಹುಟ್ಟಿದ್ದು 1898ರ ಫೆಬ್ರವರಿ 11ರಂದು, ಬುಡಾಪೆಸ್ಟ್ ನಗರದಲ್ಲಿ. ಮನೆತನ ಯಹೂದಿ, ತಂದೆ ಎಂಜಿನಿಯರ್. ಹತ್ತರ ಹರೆಯದಲ್ಲಿ ಓದಿದ ಒಂದು ನಾಟಕ ತಮ್ಮನ್ನು ಜೀವಮಾನವೆಲ್ಲ ಬಿಡಲಿಲ್ಲವೆಂದು ಅವರು ಮುಂದೆ ನೆನೆದುಕೊಂಡಿದ್ದಾರೆ. ಅದು ಹಂಗೆರಿಯ ಕವಿ ಇಮ್ರೆ ಮದಾಚ್ ಬರೆದ ‘ಮನುಷ್ಯನ ದುರಂತ’. ಅದರಲ್ಲಿ ಸೈತಾನನು ಆದಿಮಾನವನಿಗೆ ಮನುಕುಲದ ಭವಿಷ್ಯವನ್ನು ಕನಸುಗಳಲ್ಲಿ ತೋರಿಸುತ್ತಾನೆ. ಕೊನೆಯ ಹೊತ್ತಿಗೆ ಸೂರ್ಯ ತಣ್ಣಗಾಗುತ್ತಿದ್ದಾನೆ, ಹಿಮದ ನಡುವೆ ಕೆಲವೇ ಮಂದಿ ಎಸ್ಕಿಮೋಗಳು ಉಳಿದಿದ್ದಾರೆ. ಇಷ್ಟೆಲ್ಲ ಕಂಡ ಮೇಲೂ ಆಸೆಗೆ ಒಂದು ಕಿರಿದಾದ ಎಡೆ ಉಳಿದೇ ಇರುತ್ತದೆ ಎಂಬುದು ಬಾಲಕ ಸಿಲಾರ್ಡ್ ಆ ಕೃತಿಯಿಂದ ಪಡೆದ ಅರ್ಥ.

ಮೊದಲನೆಯ ಮಹಾಯುದ್ಧದಲ್ಲಿ ಅವರು ಸೈನ್ಯಕ್ಕೆ ಸೇರಬೇಕಾಯಿತು. 1918ರಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದ್ದರಿಂದ ತಮ್ಮ ದಳದೊಂದಿಗೆ ರಣರಂಗಕ್ಕೆ ಹೋಗುವುದು ತಪ್ಪಿತು. ಯುದ್ಧಾನಂತರದ ಹಂಗೆರಿಯಲ್ಲಿ ಯಹೂದಿ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚತೊಡಗಿದಾಗ, 1919ರ ಕೊನೆಯಲ್ಲಿ ಅವರು ಬರ್ಲಿನ್ನಿಗೆ ಹೊರಟರು. ಎಂಜಿನಿಯರಿಂಗ್ ಕಲಿಯಲು ಹೋದವರು ಐನ್‌ಸ್ಟೈನ್, ಪ್ಲಾಂಕ್, ಲಾವೆ ಮುಂತಾದವರಿದ್ದ ಆ ನಗರದಲ್ಲಿ ಭೌತವಿಜ್ಞಾನದ ಕಡೆ ತಿರುಗಿ, 1922ರಲ್ಲಿ ಡಾಕ್ಟರೇಟ್ ಪಡೆದರು. 1929ರಲ್ಲಿ ಅವರು ಪ್ರಕಟಿಸಿದ, ಮಾಹಿತಿಗೂ ಎಂಟ್ರೋಪಿಗೂ ಇರುವ ಸಂಬಂಧವನ್ನು ಕುರಿತ ಪ್ರಬಂಧವು ಮುಂದೆ ಬೆಳೆದ ಮಾಹಿತಿ ಸಿದ್ಧಾಂತಕ್ಕೆ ಮುನ್ಸೂಚನೆಯಂತಿದೆ. ಐನ್‌ಸ್ಟೈನರೊಡನೆ ಸೇರಿ ವಿಷಾನಿಲ ಸೋರದಂಥ ತಂಗಳಪೆಟ್ಟಿಗೆಗಾಗಿ ಹಲವು ಪೇಟೆಂಟುಗಳನ್ನೂ ಪಡೆದರು. ಈ ಸ್ನೇಹಕ್ಕೆ ಮುಂದೆ ಊಹಿಸಲಾರದ ಪರಿಣಾಮ ಕಾದಿತ್ತು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಸಿಲಾರ್ಡ್ ಎರಡು ಸೂಟ್‌ಕೇಸುಗಳನ್ನು ಸದಾ ಸಿದ್ಧವಾಗಿಟ್ಟುಕೊಂಡಿದ್ದರು. ಮಾರ್ಚ್ ಕೊನೆಯಲ್ಲಿ ಅವರು ವಿಯೆನ್ನಾಕ್ಕೆ ಹೊರಟ ರೈಲು ಹೆಚ್ಚು ಕಡಿಮೆ ಖಾಲಿಯಿತ್ತು. ಮರುದಿನ ಅದೇ ರೈಲು ಕಿಕ್ಕಿರಿದಿತ್ತು. ಗಡಿಯಲ್ಲಿ ಅದನ್ನು ತಡೆದು ಯಹೂದಿ ಪ್ರಯಾಣಿಕರನ್ನು ವಿಚಾರಣೆಗೆ ಗುರಿಪಡಿಸಲಾಯಿತು. ಬದುಕುಳಿಯಲು ಇತರರಿಗಿಂತ ಬಹಳ ಜಾಣನಾಗಬೇಕಿಲ್ಲ, ಒಂದು ದಿನ ಮುಂದಿದ್ದರೆ ಸಾಕು ಎಂಬ ಪಾಠವನ್ನು ಅವರು ಇದರಿಂದ ಕಲಿತರು. ಲಂಡನ್ ಸೇರಿ, ಜರ್ಮನಿಯಿಂದ ಹೊರದೂಡಲ್ಪಟ್ಟ ವಿದ್ವಾಂಸರಿಗೆ ನೆಲೆ ಒದಗಿಸುವ ಸಂಸ್ಥೆಯೊಂದರ ಸ್ಥಾಪನೆಗೆ ದುಡಿದರು. ತಮಗೇ ಸ್ಥಿರವಾದ ಉದ್ಯೋಗವಿರಲಿಲ್ಲ.

ಆ ವರ್ಷದ ಸೆಪ್ಟೆಂಬರ್ 12ರ ಪತ್ರಿಕೆಯಲ್ಲಿ ರುದರ್‌ಫೋರ್ಡ್ ಅವರ ಭಾಷಣದ ವರದಿ ಬಂದಿತ್ತು. ಪರಮಾಣುವಿನಿಂದ ಶಕ್ತಿಯನ್ನು ಪಡೆಯುವ ಮಾತು ಬರಿಯ ಭ್ರಮೆಯೆಂಬುದು ಆ ಮಹಾವಿಜ್ಞಾನಿಯ ಅಭಿಪ್ರಾಯ. ಅದನ್ನು ಓದಿ ಕೆರಳಿದ ಸಿಲಾರ್ಡ್ ಲಂಡನ್ನಿನ ಬೀದಿಗಳಲ್ಲಿ ಯೋಚಿಸುತ್ತ ನಡೆದರು. ಸೌತಾಂಪ್ಟನ್ ರೋ ಎಂಬ ರಸ್ತೆಯನ್ನು ದಾಟಲು ಸಿಗ್ನಲ್‌ಗಾಗಿ ನಿಂತಿದ್ದಾಗ ಆ ಆಲೋಚನೆ ಹೊಳೆಯಿತೆಂದು ಅವರು ಹೇಳಿಕೊಂಡಿದ್ದಾರೆ. ಒಂದು ನ್ಯೂಟ್ರಾನನ್ನು ನುಂಗಿ ಎರಡನ್ನು ಹೊರಚೆಲ್ಲುವ ಮೂಲವಸ್ತುವೊಂದು ದೊರೆತರೆ, ಒಂದು ಎರಡಾಗಿ, ಎರಡು ನಾಲ್ಕಾಗಿ, ಕ್ರಿಯೆ ತಾನೇ ತಾನಾಗಿ ಮುಂದುವರಿಯುತ್ತದೆ. ಇದೇ ಸರಪಣಿ ಕ್ರಿಯೆಯ ಕಲ್ಪನೆ. ಪರಮಾಣು ಬಾಂಬನ್ನು 1914ರಲ್ಲಿಯೇ ಕಲ್ಪಿಸಿ ಬರೆದಿದ್ದ ಎಚ್. ಜಿ. ವೆಲ್ಸ್ ಅವರ ಕಾದಂಬರಿಯನ್ನು ಅವರು ಹಿಂದಿನ ವರ್ಷವಷ್ಟೇ ಓದಿದ್ದರು. ಹೀಗಾಗಿ ಈ ಕಲ್ಪನೆಯ ಇನ್ನೊಂದು ಮುಖವೂ ಅವರಿಗೆ ಕೂಡಲೇ ಕಂಡಿತು. 1934ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅದು ಬಹಿರಂಗವಾಗಬಾರದೆಂದು ಬ್ರಿಟಿಷ್ ಯುದ್ಧ ಇಲಾಖೆಗೆ ಕೊಡಹೋದರು. ಅಲ್ಲಿಯವರು ಬೇಡವೆಂದ ಮೇಲೆ 1936ರಲ್ಲಿ ನೌಕಾ ಇಲಾಖೆಗೆ ಒಪ್ಪಿಸಿದರು. ಮುಕ್ತ ಪ್ರಕಟಣೆಯನ್ನೇ ಧರ್ಮವೆಂದು ನಂಬಿದ್ದ ವಿಜ್ಞಾನಲೋಕದಲ್ಲಿ ಗೋಪ್ಯತೆಯ ಮಾತೆತ್ತಿದವರಲ್ಲಿ ಸಿಲಾರ್ಡ್ ಮೊದಲಿಗರೆಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಆದರೆ ಬೇಕಾದ ಮೂಲವಸ್ತು ಅವರಿಗೆ ಸಿಗಲಿಲ್ಲ. 1938ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಅವರು ನಿರಾಶರಾಗಿ, ಪೇಟೆಂಟ್ ಇನ್ನು ಅನಗತ್ಯವೆಂದು ಡಿಸೆಂಬರಿನಲ್ಲಿ ನೌಕಾ ಇಲಾಖೆಗೆ ಬರೆದರು. ಅದೇ ದಿನಗಳಲ್ಲಿ ಬರ್ಲಿನ್ನಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂ ಬೀಜಾಣುವಿನ ವಿದಳನವನ್ನು ಕಂಡುಹಿಡಿದಿದ್ದರು. ಸುದ್ದಿ ತಿಳಿದೊಡನೆ ಸಿಲಾರ್ಡ್ ತಂತಿ ಕಳಿಸಿ ತಮ್ಮ ಪತ್ರವನ್ನು ರದ್ದುಮಾಡಿದರು. 1939ರ ಮಾರ್ಚ್ 3ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ, ಸಾಲ ತಂದ ಹಣದಿಂದ ಬಾಡಿಗೆಗೆ ಪಡೆದ ರೇಡಿಯಂ ಇಟ್ಟುಕೊಂಡು, ವಾಲ್ಟರ್ ಜಿನ್ ಅವರೊಡನೆ ಪ್ರಯೋಗ ನಡೆಸಿದರು. ಪರದೆಯ ಮೇಲೆ ಮಿಂಚುಗಳು ಮೂಡಿದವು. ವಿದಳನದಲ್ಲಿ ನ್ಯೂಟ್ರಾನುಗಳು ಹೊಮ್ಮುತ್ತವೆಂಬುದು ಖಚಿತವಾಯಿತು. ಲೋಕ ದುಃಖದ ದಾರಿ ಹಿಡಿದಿದೆಯೆಂದು ಆ ರಾತ್ರಿ ಅವರಿಗೆ ಅನ್ನಿಸಿತು.

ಫಲಿತಾಂಶಗಳನ್ನು ಪ್ರಕಟಿಸಬೇಡಿರೆಂದು ಅವರು ಸಹೋದ್ಯೋಗಿಗಳನ್ನು ಒತ್ತಾಯಿಸಿದರು. ಪ್ಯಾರಿಸಿನ ಜೋಲಿಯೊ ಒಪ್ಪಲಿಲ್ಲ. ಅವರ ತಂಡ ಏಪ್ರಿಲ್‌ನಲ್ಲಿ ತನ್ನ ಸಂಖ್ಯೆಗಳನ್ನು ಅಚ್ಚುಹಾಕಿಸಿತು. ಆದರೆ ಶುದ್ಧ ಗ್ರಾಫೈಟ್ ನ್ಯೂಟ್ರಾನುಗಳನ್ನು ಬಹು ಕಡಿಮೆ ಹೀರುತ್ತದೆಂಬ ಫರ್ಮಿ ಅವರ ಅಳತೆಯನ್ನು 1940ರಲ್ಲಿ ಸಿಲಾರ್ಡ್ ತಡೆಹಿಡಿಸಿದರು. ಮಾರುಕಟ್ಟೆಯ ಗ್ರಾಫೈಟಿನಲ್ಲಿ ಬೋರಾನ್ ಬೆರಕೆಯಿರುವುದನ್ನು ವಿಚಾರಿಸಿ ತಿಳಿದು, ಶುದ್ಧ ಗ್ರಾಫೈಟನ್ನು ತಯಾರಿಸಲು ಒತ್ತಾಯಿಸಿದವರೂ ಅವರೇ. ಮರುವರ್ಷ ಜರ್ಮನಿಯಲ್ಲಿ ಬೋಥೆ ನಡೆಸಿದ ಅಳತೆ ಗ್ರಾಫೈಟ್ ಪ್ರಯೋಜನವಿಲ್ಲವೆಂಬ ತೀರ್ಮಾನಕ್ಕೆ ಎಡೆಮಾಡಿತು. ಜರ್ಮನರು ದುರ್ಲಭವಾದ ಭಾರಜಲವನ್ನು ನೆಚ್ಚಿಕೊಂಡರು. ಗುಟ್ಟು ಇಲ್ಲಿ ತನ್ನ ಉದ್ದೇಶವನ್ನು ಸಾಧಿಸಿತೆನ್ನಬಹುದು.

1939ರ ಬೇಸಗೆಯಲ್ಲಿ ಹಳೆಯ ಸ್ನೇಹ ನೆರವಿಗೆ ಬಂತು. ಬೆಲ್ಜಿಯಂ ವಶದಲ್ಲಿದ್ದ ಕಾಂಗೋದ ಯುರೇನಿಯಂ ಜರ್ಮನಿಗೆ ಸಿಗಬಾರದೆಂಬ ಆತಂಕದಿಂದ ಸಿಲಾರ್ಡ್, ವಿಗ್ನರ್ ಅವರೊಡನೆ ಲಾಂಗ್ ಐಲೆಂಡಿನಲ್ಲಿ ಬೇಸಗೆ ಕಳೆಯುತ್ತಿದ್ದ ಐನ್‌ಸ್ಟೈನರನ್ನು ಕಂಡರು. ಸರಪಣಿ ಕ್ರಿಯೆಯ ಸಾಧ್ಯತೆಯನ್ನು ಐನ್‌ಸ್ಟೈನ್ ಅಲ್ಲಿಯವರೆಗೆ ಯೋಚಿಸಿರಲಿಲ್ಲ; ಕೇಳಿದೊಡನೆ ಅದರ ಅರ್ಥ ಅವರಿಗಾಯಿತು. ಸಿಲಾರ್ಡ್ ಕರಡು ಮಾಡಿದ, ಐನ್‌ಸ್ಟೈನ್ ಸಹಿ ಹಾಕಿದ ಆಗಸ್ಟ್ 2ರ ಪತ್ರ ಅಕ್ಟೋಬರ್ 11ರಂದು ಅಧ್ಯಕ್ಷ ರೂಸ್‌ವೆಲ್ಟರನ್ನು ತಲುಪಿತು. ಮೊದಲಿಗೆ ಸರಕಾರ ಮಂಜೂರು ಮಾಡಿದ್ದು ಆರು ಸಾವಿರ ಡಾಲರ್ ಮಾತ್ರ. ಅಲ್ಲಿಂದ ನಿಧಾನವಾಗಿ ಬೆಳೆದ ಯತ್ನ 1942ರಲ್ಲಿ ಸೈನ್ಯದ ಕೈಸೇರಿ ಮ್ಯಾನ್‌ಹಟನ್ ಯೋಜನೆಯೆಂಬ ಬೃಹದ್ರೂಪ ತಾಳಿತು. ಆ ವರ್ಷದ ಡಿಸೆಂಬರ್ 2ರಂದು ಶಿಕಾಗೋ ವಿಶ್ವವಿದ್ಯಾನಿಲಯದ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ ಫರ್ಮಿ ಮತ್ತು ಸಿಲಾರ್ಡ್ ಅವರ ಕಲ್ಪನೆಯ ರಿಯಾಕ್ಟರು ಉರಿಯಿತು. ಎಲ್ಲರೂ ಹೋದ ಮೇಲೆ ಸಿಲಾರ್ಡ್ ಫರ್ಮಿಯವರ ಕೈಕುಲುಕಿ, ಮನುಕುಲದ ಇತಿಹಾಸದಲ್ಲಿ ಇದೊಂದು ಕರಾಳ ದಿನವಾಗಿ ಉಳಿಯಲಿದೆಯೆಂಬ ಅನಿಸಿಕೆಯನ್ನು ತಿಳಿಸಿದರು.

ಸೈನ್ಯದ ಆಡಳಿತಕ್ಕೆ ಅವರು ಹಿಡಿಸಲಿಲ್ಲ. ಒಂದೊಂದು ವಿಭಾಗದವರಿಗೂ ತಂತಮ್ಮ ಕೆಲಸವಷ್ಟೇ ತಿಳಿದಿರಬೇಕೆಂಬ ಕಟ್ಟುಪಾಡನ್ನು ಅವರು ಬಹಿರಂಗವಾಗಿ ಟೀಕಿಸಿದರು. ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್ ಅವರನ್ನು ಶತ್ರುದೇಶದ ಪ್ರಜೆಯೆಂದು ಬಂಧನದಲ್ಲಿಡಲು ಆದೇಶದ ಕರಡನ್ನೂ ಮಾಡಿಸಿದ್ದರು. ಯುದ್ಧ ಮಂತ್ರಿ ಸ್ಟಿಮ್‌ಸನ್ ಅದಕ್ಕೆ ಒಪ್ಪಲಿಲ್ಲ. ಗೂಢಚಾರರು ಮಾತ್ರ ಸಿಲಾರ್ಡರ ಹಿಂದೆ ಬಿದ್ದರು.

1945ರ ವಸಂತದಲ್ಲಿ ಜರ್ಮನಿಯ ಸೋಲು ನಿಶ್ಚಿತವಾಗಿತ್ತು. ಹಿಟ್ಲರನ ಕೈಗೆ ಮೊದಲು ಸಿಕ್ಕೀತೆಂಬ ಭಯದಿಂದ ಹುಟ್ಟಿದ ಅಸ್ತ್ರ ಆ ಭಯ ನೀಗಿದ ಮೇಲೆ ಏಕೆ ಬೇಕು? ಯುದ್ಧ ಮುಗಿದ ನಂತರ ರಷ್ಯದೊಡನೆ ಅಸ್ತ್ರಸ್ಪರ್ಧೆ ತೊಡಗಿದರೆ ಗತಿಯೇನು? ಈ ಪ್ರಶ್ನೆಗಳನ್ನು ಹೊತ್ತು, ಮತ್ತೆ ಐನ್‌ಸ್ಟೈನರಿಂದ ಪರಿಚಯಪತ್ರ ಪಡೆದು, ರೂಸ್‌ವೆಲ್ಟರ ಭೇಟಿಗೆ ಅವರು ಕಾದಿದ್ದರು. ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡರು. ಹೊಸ ಅಧ್ಯಕ್ಷ ಟ್ರೂಮನ್ ಅವರ ಕಚೇರಿಯವರು ಜೇಮ್ಸ್ ಬರ್ನ್ಸ್ ಅವರಲ್ಲಿಗೆ ಕಳಿಸಿದರು. ಮೇ 28ರ ಆ ಭೇಟಿ ಫಲಿಸಲಿಲ್ಲ. ಬಾಂಬಿನ ಪ್ರದರ್ಶನದಿಂದ ರಷ್ಯ ಅಂಕೆಗೆ ಬರುತ್ತದೆಂಬುದು ಬರ್ನ್ಸ್ ಅವರ ಎಣಿಕೆ. ಅದೇ ಪ್ರದರ್ಶನ ರಷ್ಯವನ್ನೂ ಬಾಂಬು ಮಾಡುವುದಕ್ಕೆ ಪ್ರೇರಿಸುತ್ತದೆಂಬುದು ಸಿಲಾರ್ಡರದು. ನಾಲ್ಕು ವರ್ಷಗಳ ತರುವಾಯ, 1949ರ ಆಗಸ್ಟಿನಲ್ಲಿ, ಎರಡನೆಯ ಎಣಿಕೆಯೇ ನಿಜವಾಯಿತು.

ಜುಲೈ ತಿಂಗಳಲ್ಲಿ ಸಿಲಾರ್ಡ್ ಒಂದು ಮನವಿಪತ್ರವನ್ನು ಬರೆದರು. ಶರಣಾಗತಿಯ ಷರತ್ತುಗಳನ್ನು ವಿವರವಾಗಿ ಪ್ರಕಟಿಸದೆ, ಅವುಗಳನ್ನು ಬಲ್ಲ ಜಪಾನ್ ಶರಣಾಗಲು ನಿರಾಕರಿಸದೆ, ಬಾಂಬನ್ನು ಬಳಸಬಾರದು. ಹಾಗೆ ನಿರಾಕರಿಸಿದರೂ ನೈತಿಕ ಹೊಣೆಯನ್ನು ತೂಗಿ ನೋಡಿಯೇ ನಿರ್ಧರಿಸಬೇಕು. ಮೊದಲು ಬಳಸಿದ ದೇಶ ಊಹೆಗೆ ಮೀರಿದ ವಿನಾಶಯುಗಕ್ಕೆ ಬಾಗಿಲು ತೆರೆದ ಹೊಣೆಯನ್ನು ಹೊರಬೇಕಾದೀತು ಎಂಬುದು ಅದರ ಸಾರ. ಜುಲೈ 17ರ ಅಂತಿಮ ಪ್ರತಿಗೆ 70 ಮಂದಿ ವಿಜ್ಞಾನಿಗಳ ಸಹಿಗಳಿದ್ದವು. ಹಿಂದಿನ ದಿನವಷ್ಟೇ ನ್ಯೂ ಮೆಕ್ಸಿಕೋದ ಮರಳುಗಾಡಿನಲ್ಲಿ ಮೊದಲ ಬಾಂಬಿನ ಪರೀಕ್ಷೆ ನಡೆದಿತ್ತು. ಮನವಿ ಅಧಿಕೃತ ಮಾರ್ಗದಲ್ಲಿಯೇ ಸಾಗಬೇಕಾಗಿತ್ತು. ಗ್ರೋವ್ಸ್ ಅವರ ಕಚೇರಿಯನ್ನು ದಾಟಿ ಅದು ಸ್ಟಿಮ್‌ಸನ್‌ರ ಕಚೇರಿ ಸೇರುವ ಹೊತ್ತಿಗೆ ಆಗಸ್ಟ್ ಮೊದಲಾಗಿತ್ತು. ಟ್ರೂಮನ್ ಅದನ್ನು ನೋಡಲಿಲ್ಲ. ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಾಸಾಕಿ ಸುಟ್ಟುಹೋದವು. ವರ್ಷ ಮುಗಿಯುವುದರೊಳಗೆ ಎರಡೂ ನಗರಗಳಲ್ಲಿ ಸತ್ತವರ ಸಂಖ್ಯೆ ಎರಡು ಲಕ್ಷದಷ್ಟೆಂದು ಅಂದಾಜು. ಮನವಿಯನ್ನಾದರೂ ಪ್ರಕಟಿಸಲು ಸಿಲಾರ್ಡ್ ಹೊರಟಾಗ ಅದು ರಹಸ್ಯ ದಾಖಲೆಯೆಂದು ಸೈನ್ಯ ತಡೆಯಿತು. ವಿಜ್ಞಾನದ ಸುತ್ತ ಗುಟ್ಟಿನ ಗೋಡೆ ಬೇಕೆಂದು ಮೊದಲು ಕೇಳಿದವರ ದನಿಯೇ ಆ ಗೋಡೆಯೊಳಗೆ ಹೂತುಹೋಯಿತು.

ಯುದ್ಧಾನಂತರ ಪರಮಾಣು ಶಕ್ತಿ ಸೈನ್ಯದ ಹಿಡಿತದಲ್ಲಿ ಉಳಿಯಬಾರದೆಂದು ಅವರು ವಾಷಿಂಗ್ಟನ್ನಿನಲ್ಲಿ ಓಡಾಡಿದರು. 1946ರ ಕಾನೂನು ಅದನ್ನು ನಾಗರಿಕ ಆಯೋಗಕ್ಕೆ ವಹಿಸಿದ್ದರಲ್ಲಿ ಅವರ ಪಾಲೂ ಇದೆ. ವೃತ್ತಿಯಲ್ಲಿ ಅವರು ಭೌತವಿಜ್ಞಾನವನ್ನು ತೊರೆದು ಜೀವವಿಜ್ಞಾನಕ್ಕೆ ಬಂದರು. 1950ರಲ್ಲಿ ರೇಡಿಯೋ ಚರ್ಚೆಯೊಂದರಲ್ಲಿ, ಹೈಡ್ರೋಜನ್ ಬಾಂಬಿಗೆ ಕೋಬಾಲ್ಟಿನ ಹೊದಿಕೆ ಹಾಕಿದರೆ ಅದರ ವಿಕಿರಣಶೀಲ ಧೂಳಿನಿಂದ ಭೂಮಿಯ ಮೇಲಿನ ಮನುಷ್ಯರೆಲ್ಲರೂ ಸಾಯಬಹುದೆಂದು ವಿವರಿಸಿದರು. ಅಂಥದನ್ನು ಮಾಡಬೇಕೆಂಬುದು ಅವರ ಆಶಯವಲ್ಲ. ಹಿಡಿದ ದಾರಿ ಎಲ್ಲಿಗೆ ಮುಟ್ಟುತ್ತದೆಂದು ತೋರಿಸುವುದಷ್ಟೇ ಉದ್ದೇಶ. ಪರಮಾಣು ಅಪಾಯವನ್ನು ಚರ್ಚಿಸಲು ವಿವಿಧ ದೇಶಗಳ ವಿಜ್ಞಾನಿಗಳು 1957ರ ಜುಲೈನಲ್ಲಿ ಕೆನಡಾದ ಪಗ್‌ವಾಶ್ ಎಂಬ ಹಳ್ಳಿಯಲ್ಲಿ ಮೊದಲ ಬಾರಿಗೆ ಸೇರಿದಾಗ ಆ 22 ಮಂದಿಯಲ್ಲಿ ಸಿಲಾರ್ಡ್ ಒಬ್ಬರು.

ಭೀತಿಯ ಸಮತೋಲನವನ್ನು ಕುರಿತ ಅವರ ವಿಚಾರ ಅವರನ್ನು ಮೆಚ್ಚುವವರನ್ನೂ ಕೆಲವೊಮ್ಮೆ ಗೊಂದಲಕ್ಕೆ ಕೆಡಹಿತು. ಎದುರಾಳಿಗಳಿಬ್ಬರೂ ಮೊದಲ ಹೊಡೆತವನ್ನು ತಿಂದ ಮೇಲೂ ತಿರುಗಿ ನಾಶಮಾಡಬಲ್ಲವರಾದಾಗ, ಒಬ್ಬನು ಒಡ್ಡುವ ಬೆದರಿಕೆ ಬರಿಯ ಕೊಲೆಯದಲ್ಲ, ಜೊತೆಗೆ ಆತ್ಮಹತ್ಯೆಯದೂ ಆಗಿರುತ್ತದೆ. ಅಂಥ ಬೆದರಿಕೆಯನ್ನು ಚಿಕ್ಕಪುಟ್ಟ ತಕರಾರುಗಳಲ್ಲಿ ಯಾರೂ ನಂಬುವುದಿಲ್ಲ. ನಂಬಿಸಹೊರಟರೆ ತಪ್ಪೆಣಿಕೆಯಿಂದ ಸರ್ವನಾಶ ಸಂಭವಿಸಬಹುದು. ನಿಶ್ಶಸ್ತ್ರೀಕರಣ ಕೈಗೂಡುವವರೆಗೆ ಬಾಂಬಿನೊಡನೆ ಬಾಳುವುದಾದರೆ ಅದಕ್ಕೆ ನಿಯಮಗಳಾದರೂ ಬೇಕೆಂದು ಅವರು 1960ರಲ್ಲಿ ವಾದಿಸಿದರು. ಮುನ್ನೆಚ್ಚರಿಕೆ ಕೊಟ್ಟು, ಜನರನ್ನು ತೆರವುಗೊಳಿಸಿದ ಮೇಲೆ, ಒಂದು ನಗರಕ್ಕೆ ಪ್ರತಿಯಾಗಿ ಒಂದು ನಗರವೆಂಬ ಮಿತಿಯಲ್ಲಿ ನಾಶ ನಿಲ್ಲಬೇಕೆಂಬುದು ಅವರ ಒಂದು ಸಲಹೆ. ಮಾನವಹಿತಚಿಂತಕರಿಂದ ಇಂಥ ಮಾತು ಬಂದುದು ಹಲವರಿಗೆ ಕ್ರೂರವಾಗಿ ಕಂಡಿತು. ಆದರೆ ಆ ಕ್ರೌರ್ಯ ಚಾಲ್ತಿಯಲ್ಲಿದ್ದ ನೀತಿಯೊಳಗೇ ಅಡಗಿತ್ತು; ಸಿಲಾರ್ಡ್ ಅದನ್ನು ಹೊರಗೆಳೆದು ಲೆಕ್ಕ ಹಾಕಿ ತೋರಿಸಿದರು.

1961ರ ‘ಡಾಲ್ಫಿನ್‌ಗಳ ದನಿ’ ಎಂಬ ಅವರ ಕಥಾಸಂಕಲನದಲ್ಲಿ ಇದೇ ಕಳವಳ ವಿಡಂಬನೆಯ ರೂಪ ತಾಳಿದೆ. ಶೀರ್ಷಿಕೆಯ ಕಥೆಯಲ್ಲಿ ಅಮೆರಿಕ ಮತ್ತು ರಷ್ಯದ ವಿಜ್ಞಾನಿಗಳು ವಿಯೆನ್ನಾದಲ್ಲಿ ಒಂದು ಸಂಸ್ಥೆ ಕಟ್ಟಿ, ತಮಗೆ ಡಾಲ್ಫಿನ್‌ಗಳು ಸಲಹೆ ನೀಡುತ್ತಿವೆಯೆಂದು ಸಾರುತ್ತಾರೆ. ಆ ಸಲಹೆಗಳನ್ನು ಲೋಕ ಗೌರವದಿಂದ ಕೇಳುತ್ತದೆ. ಮಾತಾಡಿದ್ದು ನಿಜವಾಗಿ ಡಾಲ್ಫಿನ್‌ಗಳೋ ವಿಜ್ಞಾನಿಗಳೋ ಎಂಬುದು ಕೊನೆಗೂ ತಿಳಿಯುವುದಿಲ್ಲ. 1945ರಲ್ಲಿ ಮನುಷ್ಯರಾಗಿ ಆಡಿದ ಮಾತನ್ನು ಯಾರೂ ಕೇಳದಿದ್ದ ವಿಜ್ಞಾನಿಯ ನೋವು ಈ ಹಾಸ್ಯದ ತಳದಲ್ಲಿದೆ.

1960ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಾಣಿಸಿಕೊಂಡಾಗ ಸಿಲಾರ್ಡ್ ತಮ್ಮ ವಿಕಿರಣ ಚಿಕಿತ್ಸೆಯನ್ನು ತಾವೇ ಯೋಜಿಸಿ ಗುಣಹೊಂದಿದರು. ಅದೇ ವರ್ಷ ಅಕ್ಟೋಬರ್ 5ರಂದು ನ್ಯೂಯಾರ್ಕಿಗೆ ಬಂದಿದ್ದ ಕ್ರುಶ್ಚೇವರನ್ನು ಭೇಟಿಯಾಗಿ, ಕ್ಷೌರದ ರೇಜರೊಂದನ್ನು ಕಾಣಿಕೆಯಿತ್ತು, ಎರಡು ಗಂಟೆಗಳ ಕಾಲ ಮಾತಾಡಿದರು. ಮಾಸ್ಕೋ ಮತ್ತು ವಾಷಿಂಗ್ಟನ್ ನಡುವೆ ನೇರ ಸಂಪರ್ಕವಿರಬೇಕೆಂಬ ಸಲಹೆಗೆ ಕ್ರುಶ್ಚೇವ್ ಒಪ್ಪಿದರು. ಬೇರೆಯವರೂ ಸೂಚಿಸಿದ್ದ ಆ ವ್ಯವಸ್ಥೆ 1962ರ ಕ್ಯೂಬಾ ಬಿಕ್ಕಟ್ಟಿನ ನಂತರ, 1963ರಲ್ಲಿ ಜಾರಿಗೆ ಬಂತು. ಆ ಬಿಕ್ಕಟ್ಟಿನ ದಿನಗಳಲ್ಲಿ ಸಿಲಾರ್ಡ್ ಪತ್ನಿ ಟ್ರೂಡ್ ಅವರೊಡನೆ ಜಿನೀವಾಕ್ಕೆ ಹಾರಿದ್ದನ್ನು ಪಲಾಯನವೆಂದು ಆಡಿಕೊಂಡವರುಂಟು. ಬರ್ಲಿನ್ನಿನ ರೈಲಿನ ಪಾಠ ಅವರಲ್ಲಿ ಮಾಸಿರಲಿಲ್ಲ. ಆದರೆ ಅವರು ಹಿಂತಿರುಗಿ ಬಂದು, ಅದೇ ವರ್ಷ ತಾವು ಸ್ಥಾಪಿಸಿದ್ದ, ನಿಶ್ಶಸ್ತ್ರೀಕರಣದ ಪರವಾದ ಸೆನೆಟ್ ಅಭ್ಯರ್ಥಿಗಳನ್ನು ಬೆಂಬಲಿಸುವ ಸಂಘದ ಕೆಲಸವನ್ನು ಮುಂದುವರಿಸಿದರು. 1964ರ ಮೇ 30ರಂದು ಕ್ಯಾಲಿಫೋರ್ನಿಯದ ಲಾ ಹೋಯಾದಲ್ಲಿ, ನಿದ್ದೆಯಲ್ಲಿದ್ದಾಗ ಹೃದಯಾಘಾತದಿಂದ ತೀರಿಕೊಂಡರು.

ಸಿಲಾರ್ಡ್ ಗೆದ್ದದ್ದು ಕಡಿಮೆ. ಬಾಂಬು ಬೀಳುವುದನ್ನು ತಡೆಯಲಾಗಲಿಲ್ಲ, ಸ್ಪರ್ಧೆಯನ್ನೂ ತಡೆಯಲಾಗಲಿಲ್ಲ. 1980ರ ದಶಕದ ನಡುವಿಗೆ ಲೋಕದ ಪರಮಾಣು ಅಸ್ತ್ರಗಳ ಸಂಖ್ಯೆ ಸುಮಾರು 70,000 ಮುಟ್ಟಿತು. ಆಮೇಲೆ ಬಹುವಾಗಿ ಇಳಿದರೂ ಸಾವಿರಗಳ ಲೆಕ್ಕದಲ್ಲಿಯೇ ಉಳಿದಿದೆ. ಮುಂದಾಗುವುದನ್ನು ಕಾಣುವ ಶಕ್ತಿಯೂ ಅದನ್ನು ತಪ್ಪಿಸುವ ಶಕ್ತಿಯೂ ಒಂದೇ ಅಲ್ಲವೆಂಬುದಕ್ಕೆ ಅವರ ಬಾಳು ಸಾಕ್ಷಿ. ಆದರೆ ತಾನು ಬಿಡಿಸಿದ ಗಂಟು ತನ್ನ ಕೈತಪ್ಪಿ ಹೋಯಿತೆಂದು ಅವರು ಕೈತೊಳೆದುಕೊಳ್ಳಲಿಲ್ಲ. ಬಾಲ್ಯದಲ್ಲಿ ಓದಿದ ನಾಟಕ ತೋರಿಸಿದ ಆಸೆಯ ಆ ಕಿರಿದಾದ ಎಡೆಯನ್ನು ಮುಚ್ಚಗೊಡದಂತೆ ಕೊನೆಯವರೆಗೆ ಕಾಯುತ್ತಿದ್ದರು.