ವಿಲಿಯಂ ಲ್ಯಾಂಬ್ಟನ್: ಸರಪಳಿ ಹಿಡಿದು ಭೂಮಿ ಅಳೆದವರು

ಏಕಮಾನಗಳ ಪಾಠವನ್ನು ಕೋಷ್ಟಕದಿಂದ ಆರಂಭಿಸಿದರೆ ಮಕ್ಕಳು ಏಳು ಮೂಲ ಏಕಮಾನಗಳ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ‘ಮೂಲ’ ಎಂಬುದು ಏಕೆ ಬೇಕು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ಈ ಘಟಕದ ಪೀಠಿಕೆಗೆ ಲ್ಯಾಂಬ್ಟನ್ ಅವರ ಜೀವನ ಚೆನ್ನಾಗಿ ಹೊಂದುತ್ತದೆ.

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಸಾಮಾನ್ಯ ಕುಟುಂಬದಲ್ಲಿ ಹುಟ್ಟಿದ ಅವರು ಸೈನ್ಯ ಸೇರಿ, 1790ರ ದಶಕದಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣಕ್ಕೆ ನಡೆದ ಪಡೆಯಲ್ಲಿದ್ದರು. ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯನ್ನು ತ್ರಿಭುಜಗಳಿಂದ ಅಳೆಯುವ ಯೋಜನೆ ಮುಂದಿಟ್ಟರು. ಕಂಪನಿಗೆ ಬೇಕಿದ್ದುದು ಗೆದ್ದ ನೆಲದ ನಕ್ಷೆ. ಅವರಿಗೆ ಬೇಕಿದ್ದುದು ಭೂಮಿಯ ನಿಜವಾದ ಆಕಾರ.

1800ರಲ್ಲಿ ಬೆಂಗಳೂರಿನ ಬಳಿ ಸುಮಾರು 12 ಕಿ.ಮೀ. ಉದ್ದದ ಆಧಾರರೇಖೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದರು. ಹತ್ತನೇ ತರಗತಿಯ ಸಮರೂಪ ತ್ರಿಭುಜಗಳನ್ನು ಇಲ್ಲಿ ನೆನಪಿಸಬೇಕು. ಮೂರು ಕೋನಗಳು ತಿಳಿದರೆ ತ್ರಿಭುಜದ ಆಕಾರ ತಿಳಿಯುತ್ತದೆ, ಅಳತೆ ತಿಳಿಯುವುದಿಲ್ಲ. ಕೋನಕ್ಕೆ ಆಯಾಮವಿಲ್ಲ, ಎಷ್ಟು ಕೋನ ಅಳೆದರೂ ಅದರಿಂದ ಒಂದು ಅಡಿಯೂ ಹುಟ್ಟದು. ಒಂದು ಬಾಹುವನ್ನಾದರೂ ನೆಲದ ಮೇಲೆ ಅಳೆಯಲೇಬೇಕು. ಮುಂದಿನ ನೂರಾರು ಮೈಲಿಗಳು ಅದರಿಂದ ಲೆಕ್ಕದಲ್ಲಿ ಬರುತ್ತವೆ.

ಆ ಒಂದು ಬಾಹು ತಪ್ಪಿದರೆ? ಸರಪಳಿಯಲ್ಲಿ ನೂರಕ್ಕೆ ಒಂದು ತಪ್ಪಾದರೆ ದೂರವೂ ಅಷ್ಟೇ ತಪ್ಪುತ್ತದೆ, ಆದರೆ ವಿಸ್ತೀರ್ಣ ಸುಮಾರು ನೂರಕ್ಕೆ ಎರಡು ತಪ್ಪುತ್ತದೆ. ನಮ್ಮ ಸಿರವಾರದ ಮಕ್ಕಳಿಗೆ ಚದರ ಮೀಟರ್‌ಗಿಂತ ಗುಂಟೆ ಹತ್ತಿರ. 33 ಅಡಿ ಉದ್ದ, 33 ಅಡಿ ಅಗಲ, ಅಂಥ 40 ಸೇರಿದರೆ ಎಕರೆ. ಉದ್ದದಿಂದ ಉದ್ದವನ್ನು ಗುಣಿಸಿ ಬಂದ ಜನ್ಯ ಏಕಮಾನ ಇದು. ಹೊಲದ ಬದುವಿನಲ್ಲೇ ತೋರಿಸಬಹುದು.

ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಏರಿದರೆ 12 ಕಿ.ಮೀ.ಗೆ ಸುಮಾರು 1.4 ಮೀಟರ್ ವ್ಯತ್ಯಾಸ. ಅದಕ್ಕೇ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಚಾಚಿ, ಥರ್ಮಾಮೀಟರ್ ಇಟ್ಟು, ಉಷ್ಣತೆ ನೋಡಿಕೊಂಡು ತಿದ್ದುಪಡಿ ಮಾಡುತ್ತಿದ್ದರು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿಯ ಆಧಾರರೇಖೆಗೆ 57 ದಿನ ಹಿಡಿಯಿತು. 1808ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಅರ್ಧ ಟನ್ ತೂಕದ ಥಿಯೋಡೊಲೈಟ್ ಬಡಿದು ಅದರ ವೃತ್ತ ಸೊಟ್ಟಗಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕುಳಿತು ಸುಮಾರು ಆರು ವಾರ ಅದನ್ನು ತಾವೇ ಸರಿಪಡಿಸಿದರು.

ಆಗಷ್ಟೇ ಫ್ರಾನ್ಸಿನವರು ಧ್ರುವದಿಂದ ಸಮಭಾಜಕದವರೆಗಿನ ದೂರದ ಕೋಟಿಯಲ್ಲೊಂದು ಭಾಗವನ್ನು ಮೀಟರ್ ಎಂದು ನಿಗದಿ ಮಾಡಿದ್ದರು. ಅಂದರೆ ಭೂಮಿಯ ಆಕಾರ ಬರೀ ಭೂಗೋಳದ ವಿಷಯವಾಗಿರಲಿಲ್ಲ, ಉದ್ದದ ಏಕಮಾನವೇ ಅದನ್ನು ನಂಬಿ ನಿಂತಿತ್ತು. (1983ರಿಂದ ಮೀಟರ್ ಬೆಳಕಿನ ವೇಗವನ್ನು ನಂಬಿದೆ. ಅದಕ್ಕೆ ಸೆಕೆಂಡ್ ಬೇಕು. ಮೂಲ ಏಕಮಾನದ ವ್ಯಾಖ್ಯೆಯಲ್ಲೂ ಇನ್ನೊಂದು ಏಕಮಾನ ಬರಬಹುದೆಂದು ಜಾಣ ವಿದ್ಯಾರ್ಥಿ ಕೇಳಿದರೆ ನಾವು ಸಿದ್ಧರಿರಬೇಕು.)

ತ್ರಿಭುಜಗಳ ಸಾಲು ಉತ್ತರಕ್ಕೆ ಸಾಗಿತು. 1811ರಲ್ಲಿ ಗುತ್ತಿಯ ಬಳಿ, 1815ರಲ್ಲಿ ಬೀದರ್ ಬಳಿ ಹೊಸ ಆಧಾರರೇಖೆಗಳನ್ನು ಅಳೆದರು. ಇವೆರಡರ ನಡುವೆ ಸಾಲು ನಮ್ಮ ರಾಯಚೂರಿನ ಪೂರ್ವಕ್ಕೆ ತುಂಗಭದ್ರೆ, ಕೃಷ್ಣೆಗಳನ್ನು ದಾಟಿತು. ಲೆಕ್ಕದಿಂದ ಬಂದ ಉದ್ದವನ್ನು ನೆಲದ ಮೇಲೆ ಮತ್ತೆ ಅಳೆದು ತಾಳೆ ನೋಡುವುದು ಅವರ ಪದ್ಧತಿ.

1823ರ ಜನವರಿಯಲ್ಲಿ, ನಾಗಪುರಕ್ಕೆ ಹೋಗುವ ದಾರಿಯಲ್ಲಿ, ಹಿಂಗಣಘಾಟಿನಲ್ಲಿ ತೀರಿಕೊಂಡರು. ವಯಸ್ಸು 70ರ ಆಸುಪಾಸು. ಕೆಲಸ ಸಹಾಯಕ ಜಾರ್ಜ್ ಎವರೆಸ್ಟ್ ಕೈಗೆ ಬಂತು. ಎವರೆಸ್ಟ್ ಸರಪಳಿ ಬಿಟ್ಟು, ಕಬ್ಬಿಣ ಮತ್ತು ಹಿತ್ತಾಳೆಯನ್ನು ಜೋಡಿಸಿ ಹಿಗ್ಗುವಿಕೆಯನ್ನು ಸರಿದೂಗಿಸುವ ಸರಳುಗಳನ್ನು ತಂದರು. ಬೀದರಿನ ಆಧಾರರೇಖೆಯನ್ನು 1841ರಲ್ಲಿ ಅವುಗಳಿಂದ ಮತ್ತೆ ಅಳೆಯಲಾಯಿತು.